ಎಂಜಲೆಲೆಗೆ ಬೇಕಾದ ಕಾವು

ಮದುವೆಯೂಟದ ಎಂಜಲೆಲೆಗಳನ್ನು ತೋಟದ ಮೂಲೆಯ ಗುಂಡಿಗೆ ಸುರಿದರೆ ತಾನೇ ಗೊಬ್ಬರವಾಗುತ್ತದೆ ಎಂದು ನಂಬಿದವರು ಕೊಡಗಿನಲ್ಲಿ ಬಹಳ. ಹಾಗೆ ಆಗುವುದಿಲ್ಲ. ಎರಡು ಮೂರು ದಿನಕ್ಕೆ ನಾರುತ್ತದೆ, ನಾಯಿ, ಕಾಡುಹಂದಿ ಬರುತ್ತವೆ. ಜೂನ್ ಮಳೆಗೆ ಕೊಳೆತ ರಸ ತೋಡಿಗಿಳಿಯುತ್ತದೆ. ಇಲ್ಲಿನ ಬಹುಪಾಲು ತೋಡುಗಳು ಸೇರುವುದು ಕಾವೇರಿಯನ್ನು. ನಾರಿದರೆ ಗೊಬ್ಬರವಾಗುತ್ತಿದೆ ಎಂದಲ್ಲ, ಒಳಗೆ ಗಾಳಿಯಿಲ್ಲ ಎಂದರ್ಥ.

ಗಾಳಿಯಿದ್ದಾಗ ಕೆಲಸ ಮಾಡುವ ಸೂಕ್ಷ್ಮಜೀವಿಗಳು ತಿಂದಂತೆಲ್ಲ ಕಾವು ಹುಟ್ಟಿಸುತ್ತವೆ. ಕುಯ್ದ ಕಾಫಿ ಹಣ್ಣನ್ನು ರಾತ್ರಿಯಿಡೀ ಚೀಲದಲ್ಲೇ ಬಿಟ್ಟು ಬೆಳಿಗ್ಗೆ ಕೈಯಿಟ್ಟರೆ ಬಿಸಿ ತಾಗುತ್ತದಲ್ಲ, ಅದೂ ಇಂಥದೇ ಕಾವು. ಆದರೆ ಅದು ಉಳಿಯಬೇಕಾದರೆ ಗುಪ್ಪೆ ದೊಡ್ಡದಿರಬೇಕು. ಕಾವು ಹುಟ್ಟುವುದು ಗುಪ್ಪೆಯ ಒಡಲಿನಲ್ಲಿ, ಸೋರುವುದು ಹೊರಮೈಯಿಂದ. ಉದ್ದ, ಅಗಲ, ಎತ್ತರ ಮೂರನ್ನೂ ಇಮ್ಮಡಿಸಿದರೆ ಒಡಲು ಎಂಟು ಪಟ್ಟಾಗುತ್ತದೆ, ಮೈ ನಾಲ್ಕೇ ಪಟ್ಟು. ಒಂಟಿ ಕೆಂಡ ಬೇಗ ಆರುತ್ತದೆ, ಒಟ್ಟಿದ ಕೆಂಡ ಬೆಳಗಿನವರೆಗೂ ಇರುತ್ತದೆ. ಚಳಿಗೆ ಕೋಳಿಮರಿಗಳು ಒತ್ತಾಗಿ ಕೂರುವುದೂ ಇದೇ ಲೆಕ್ಕದ ಮೇಲೆ. ಗುಪ್ಪೆ ಎಲ್ಲ ಕಡೆ ಕನಿಷ್ಠ 1 ಮೀಟರ್ ಇರಲಿ.

ಅಡಿಗೆ ಮರಗಸಿಯಲ್ಲಿ, ಅಂದರೆ ತೋಟದ ನೆರಳುಮರಗಳ ಕೊಂಬೆ ಸವರುವಾಗ, ಬಿದ್ದ ಕಡ್ಡಿಗಳನ್ನು ಅರ್ಧ ಅಡಿ ಹಾಸಿ. ಗಾಳಿ ಬರುವುದು ಕೆಳಗಿನಿಂದ. ಎಂಜಲಿನ ಸಾರು ಬಸಿದು, ಒಂದು ಬುಟ್ಟಿ ಎಂಜಲಿಗೆ ಎರಡರಿಂದ ಮೂರು ಬುಟ್ಟಿ ಒಣ ತರಗೆಲೆ ಅಥವಾ ಕಾಫಿ ಹೊಟ್ಟು ಬೆರೆಸಿ. ಇಂಗಾಲ 30 ಭಾಗಕ್ಕೆ ಸಾರಜನಕ 1 ಭಾಗ ಎಂಬ ಹದಕ್ಕೆ ಇದು ಹತ್ತಿರ ಬರುತ್ತದೆ. ಬಾಳೆಯೆಲೆ ಹರಿದು ಹಾಕಿ, ಇಡಿಯಾಗಿ ಬಿದ್ದರೆ ಒಂದರ ಮೇಲೊಂದು ಅಂಟಿ ಗಾಳಿ ತಡೆಯುತ್ತದೆ. ಕೊಡವ ಮದುವೆಯಲ್ಲಿ ಶಾಸ್ತ್ರಕ್ಕೆಂದು ಕತ್ತಿಯಿಂದ ಕಡಿದ ಬಾಳೆದಿಂಡು ಬರೀ ನೀರು. ಬಿಲ್ಲೆ ಮಾಡಿ ಎರಡು ದಿನ ಬಾಡಿಸಿಯೇ ಸೇರಿಸಬೇಕು. ಪಂದಿಕರಿಯ ಮೂಳೆ, ಕೊಬ್ಬು ಇದಕ್ಕೆ ಬೇಡ. ಅವನ್ನು ಬಾವಿಯಿಂದ ದೂರ, ಮೂರಡಿ ಆಳದಲ್ಲಿ ಹೂಳಿ. ಬೆರೆಸಿದ್ದನ್ನು ಒಂದು ಹಿಡಿ ಹಿಂಡಿದರೆ ಒಂದೆರಡು ಹನಿ ಒಸರಬೇಕು, ಧಾರೆಯಾಗಿ ಸುರಿದರೆ ತರಗು ಸಾಲದು. ಮೇಲೆ ಅರ್ಧ ಅಡಿ ಒಣ ತರಗು, ಮಳೆಗೆ ಟಾರ್ಪಾಲಿನ ಸೂರು.

ಮೂರನೇ ದಿನ ಕಬ್ಬಿಣದ ಸಲಾಕೆಯನ್ನು ನಡುವಿಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಹಿಡಿಯಲಾಗದಷ್ಟು ಸುಟ್ಟರೆ 55 ಡಿಗ್ರಿಯ ಆಸುಪಾಸಿದೆ. ರೋಗಾಣುಗಳು ಸಾಯಲು ಈ ಕಾವು ಸತತ ಮೂರು ದಿನವಾದರೂ ನಿಲ್ಲಬೇಕು. ತಣಿದಾಗ ಹೊರಗಿನದು ಒಳಕ್ಕೆ ಹೋಗುವಂತೆ ಮಗುಚಿ. ಪದರ ಹಾಕುವುದನ್ನೂ ಮಗುಚುವುದನ್ನೂ ಒಂದು ಕ್ರಮಕ್ಕೆ ತಂದವರು ಇಂಗ್ಲಿಷ್ ಸಸ್ಯವಿಜ್ಞಾನಿ ಆಲ್ಬರ್ಟ್ ಹೊವಾರ್ಡ್, 1924ರಿಂದ 1931ರವರೆಗೆ ಇಂದೋರಿನಲ್ಲಿ. ನಮ್ಮ ರೈತರ ಹೊಲಗಳನ್ನು ನೋಡಿ ಕಲಿತೆನೆಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದರು.

‘ಮಣ್ಣಲ್ಲಿ ಕರಗುವ’ ಲೋಟ ಕೊಳ್ಳುವವರು ಈ ಕಾವನ್ನೇ ನೆನೆಯಬೇಕು. ಅಂಥ ಲೋಟಗಳ ಪಿಎಲ್ಎ (ಪಾಲಿಲ್ಯಾಕ್ಟಿಕ್ ಆಸಿಡ್) ಎಂಬ ಪ್ಲಾಸ್ಟಿಕ್ ಹುಟ್ಟುವುದು ಮೆಕ್ಕೆಜೋಳದಂಥ ಬೆಳೆಯ ಸಕ್ಕರೆಯಿಂದ, ನಿಜ. ಆದರೆ 55ರಿಂದ 60 ಡಿಗ್ರಿಯಲ್ಲಿ ಅದರ ಅಣುಸರಪಳಿ ಸಡಿಲವಾದ ಮೇಲೆಯೇ ನೀರು ಒಳನುಗ್ಗಿ ಕೊಂಡಿಗಳನ್ನು ಬೇಗ ಕತ್ತರಿಸುವುದು. ಮಡಿಕೇರಿಯ ತಣ್ಣನೆ ಮಣ್ಣಿಗೆಸೆದ ಲೋಟ ವರ್ಷಗಟ್ಟಲೆ ಲೋಟವಾಗಿಯೇ ಬಿದ್ದಿರುತ್ತದೆ. ಊಟದ ಮನೆಗೆ ಸ್ಟೀಲ್ ಲೋಟ ಬಾಡಿಗೆಗೆ ತನ್ನಿ, ತೊಳೆಯಲು ಇಬ್ಬರನ್ನು ಹೆಚ್ಚಿಗೆ ಕರೆಯಿರಿ.