ಪದ ಪರಿಚಯ: ಪ್ರಾಗ್ಮ್ಯಾಟಿಸಂ

"ಸ್ವಲ್ಪ ಪ್ರಾಕ್ಟಿಕಲ್ ಆಗಿ ಯೋಚನೆ ಮಾಡಪ್ಪ" ಎಂದು ಯಾರಾದರೂ ಅಂದರೆ ಹುಷಾರಾಗಬೇಕು. ಮುಂದಿನ ಮಾತು ಲಂಚದ್ದೋ ವರದಕ್ಷಿಣೆಯದ್ದೋ ಆಗಿರುತ್ತದೆ, ಅಲ್ವಾ? ಪ್ರಾಗ್ಮ್ಯಾಟಿಸಂ ಅನ್ನೋ ಪದಕ್ಕೂ ಸುಮ್ನೆ ಇದೇ ಕೆಟ್ಟ ಹೆಸರು ಅಂಟಿಕೊಂಡಿದೆ.

ಗ್ರೀಕ್‌ನಲ್ಲಿ 'ಪ್ರಾಗ್ಮ' ಅಂದರೆ ಕೆಲಸ, ಕ್ರಿಯೆ. ಒಂದು ಮಾತಿನ ಅರ್ಥ ತಿಳಿಯಬೇಕಾದರೆ ಅದರಿಂದ ಏನು ಪರಿಣಾಮ ಅಂತ ನೋಡಿ ಎಂಬ ವಿಚಾರವನ್ನು ಅಮೆರಿಕದ ತತ್ವಜ್ಞಾನಿ ಚಾರ್ಲ್ಸ್ ಪರ್ಸ್ 1878ರಲ್ಲಿ ಬರೆದರು. 1907ರಲ್ಲಿ ಪುಸ್ತಕ ತಂದು ಅದನ್ನು ಹೆಸರುವಾಸಿ ಮಾಡಿದವರು ವಿಲಿಯಂ ಜೇಮ್ಸ್. ಅದರಲ್ಲೊಂದು ಅಳಿಲಿನ ಪ್ರಸಂಗವಿದೆ.

ಮರದ ಈ ಕಡೆ ಮನುಷ್ಯ, ಆ ಕಡೆ ಕಾಂಡಕ್ಕೆ ಅಂಟಿಕೊಂಡ ಅಳಿಲು. ಅದನ್ನು ನೋಡಲು ಅವನು ಮರ ಸುತ್ತುತ್ತಾನೆ. ಅಳಿಲೂ ಅಷ್ಟೇ ಜೋರಾಗಿ ಸರಿಯುತ್ತದೆ, ಕಣ್ಣಿಗೆ ಬೀಳುವುದೇ ಇಲ್ಲ. ಮರವನ್ನಂತೂ ಸುತ್ತಿದ. ಅಳಿಲನ್ನು ಸುತ್ತಿದನೋ ಇಲ್ಲವೋ? ಬೆಟ್ಟದಲ್ಲಿ ಡೇರೆ ಹಾಕಿದ್ದ ಗೆಳೆಯರು ಇದಕ್ಕೆ ಕಿತ್ತಾಡುತ್ತಿದ್ದರಂತೆ. 'ಸುತ್ತುವುದು' ಅಂದರೆ ಏನು ಅಂತ ಮೊದಲು ಹೇಳಿ ಅಂದರು ಜೇಮ್ಸ್. ಅಳಿಲಿನ ಉತ್ತರಕ್ಕೆ, ಪೂರ್ವಕ್ಕೆ, ದಕ್ಷಿಣಕ್ಕೆ, ಪಶ್ಚಿಮಕ್ಕೆ ಹೋಗುವುದು ಅಂತಾದರೆ ಸುತ್ತಿದ. ಅದರ ಮುಂದೆ, ಬಲಕ್ಕೆ, ಹಿಂದೆ, ಎಡಕ್ಕೆ ಬರುವುದು ಅಂತಾದರೆ ಇಲ್ಲ. ಅದರ ಹೊಟ್ಟೆ ಯಾವಾಗಲೂ ಇವನ ಕಡೆಗೇ ಇತ್ತಲ್ಲ! ಜಾರಿಕೊಳ್ಳುವ ಉತ್ತರ ಅಂತ ಅಲ್ಲಿ ಒಂದಿಬ್ಬರು ಗೊಣಗಿದರೂ ಜಗಳ ತಣ್ಣಗಾಯಿತು.

ಪ್ರಾಗ್ಮ್ಯಾಟಿಸಂ ಕೇಳುವುದು ಇಷ್ಟೇ: ಯಾವ ಉತ್ತರ ನಿಜವಾದರೂ ಏನು ವ್ಯತ್ಯಾಸ? ಏನೂ ಇಲ್ಲ ಅಂದರೆ ಜಗಳ ಬರೀ ಮಾತಿನದು.

ಸರಿ, ನೀತಿಯ ಪ್ರಶ್ನೆಗೆ ಇದನ್ನು ಹಚ್ಚಿ ನೋಡೋಣ. ಐಸಿಯುನಲ್ಲಿ ಅಪ್ಪ ಮಲಗಿದ್ದಾರೆ. ವೆಂಟಿಲೇಟರ್‌ನಿಂದ ಎದೆ ಏರಿಳಿಯುತ್ತಿದೆ. ಮಿದುಳುಕಾಂಡ, ಅಂದರೆ ಉಸಿರಾಟ ನಡೆಸುವ ಮಿದುಳಿನ ಬುಡ, ಸತ್ತಿದೆ ಎನ್ನುತ್ತಾರೆ ಡಾಕ್ಟರು. ಅಪ್ಪ ಇದ್ದಾರೋ, ಹೋದರೋ? ನಮ್ಮ 1994ರ ಅಂಗಾಂಗ ಕಸಿ ಕಾಯ್ದೆ ಇಲ್ಲಿ ಜೇಮ್ಸ್ ದಾರಿಯನ್ನೇ ಹಿಡಿದಂತಿದೆ. ಜೀವ ಅಂದರೇನು ಎಂಬ ಚರ್ಚೆಗೆ ಹೋಗದೆ, ಮಿದುಳುಕಾಂಡದ ಸಾವನ್ನೂ ಸಾವೆಂದೇ ಒಪ್ಪಿತು. ನಾಲ್ವರು ವೈದ್ಯರ ತಂಡ ಕನಿಷ್ಠ 6 ಗಂಟೆ ಬಿಟ್ಟು ಎರಡು ಸಲ ಪರೀಕ್ಷಿಸಿ ಬರೆದುಕೊಡಬೇಕು.

ಅಲ್ಲಿಗೆ ಪದದ ಗೊಂದಲ ತೀರಿತು. ಆದರೆ "ಮೈ ಇನ್ನೂ ಬೆಚ್ಚಗಿದೆಯಲ್ಲ" ಎನ್ನುವ ಮಗಳು ಪದದ ಜಗಳ ಆಡುತ್ತಿಲ್ಲ. ಇಲ್ಲಿ ವ್ಯತ್ಯಾಸ ನಿಜವಾದದ್ದೇ. ಒಂದು ಕಡೆ ಕಿಡ್ನಿಗಾಗಿ ಕಾಯುತ್ತಿರುವವರು, ಇನ್ನೊಂದು ಕಡೆ ಅಪ್ಪನ ಬೆಚ್ಚನೆಯ ಕೈ. ಯಾವುದು ಹೆಚ್ಚು ಅಂತ ತೂಗುವ ತಕ್ಕಡಿ, ನನಗೆ ಕಂಡಂತೆ, ಪ್ರಾಗ್ಮ್ಯಾಟಿಸಂ ಹತ್ತಿರ ಇಲ್ಲ. ಕಾಯ್ದೆಯೂ ಅದನ್ನು ಡಾಕ್ಟರ ಕೈಗೆ ಕೊಟ್ಟಿಲ್ಲ. ಅಂಗಾಂಗ ದಾನಕ್ಕೆ ಅಪ್ಪ ಮೊದಲೇ ಒಪ್ಪಿ ಬರೆದಿಡದಿದ್ದರೆ, ಹತ್ತಿರದ ಬಂಧು ಸಹಿ ಹಾಕಬೇಕು.