ಚಳಿ, ಸೆಕೆ, ಹೃದಯ: 108ರ ಕರೆಗಳನ್ನು ಓದುವುದು ಹೇಗೆ

108 ಆಂಬುಲೆನ್ಸ್‌ಗೆ ಬರುವ ಹೃದಯದ ಕರೆಗಳಿಗೂ ಹೊರಗಿನ ತಾಪಮಾನಕ್ಕೂ ಏನು ನಂಟು ಅಂತ ಓದುತ್ತಿರುವ ವಿದ್ಯಾರ್ಥಿಗಳಿಗೆ ಈ ಬರಹ. ಹೊರಗಿನ ತಾಪಮಾನ ಮತ್ತು ಹೃದಯ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಬಿಸಿಗಾಳಿ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಮಾಮೂಲಿಗಿಂತ 1,344 ಸಾವು ಹೆಚ್ಚಾಗಿ, 2013ರಲ್ಲಿ ಅಲ್ಲಿ ಬಿಸಿಗಾಳಿ ಎದುರಿಸುವ ಯೋಜನೆ ಬಂತು. ಅದನ್ನು ಓದಲೇಬೇಕು. ಆದರೆ ಕೊಡಗಿನಲ್ಲಿ ಕೂತು ಓದುವವರು ಚಳಿಯ ಕಡೆ ಜಾಸ್ತಿ ಗಮನ ಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ. ಅದೂ ಹಲ್ಲು ಕಟಕಟ ಅನ್ನಿಸುವ ಚಳಿಯಲ್ಲ. ‘ಇದೇನು ಮಹಾ ಚಳಿ’ ಅಂತ ಸ್ವೆಟರ್ ಕೂಡ ಹಾಕದೆ ಓಡಾಡುತ್ತೇವಲ್ಲ, ಆ ಚಳಿ.

2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನ 13 ದೇಶಗಳ 384 ಸ್ಥಳಗಳ ಸುಮಾರು 7.4 ಕೋಟಿ ಸಾವುಗಳನ್ನು ನೋಡಿತು. ಅದರಲ್ಲಿ ಶೇ 7.7ರಷ್ಟು ಸಾವಿಗೆ ತಾಪಮಾನದ ನಂಟಿತ್ತು. ಚಳಿಯ ಪಾಲು ಶೇ 7.3, ಸೆಕೆಯ ಪಾಲು ಬರೀ ಶೇ 0.4. ಚಳಿಯ ಪಾಲಿನಲ್ಲೂ ಬಹುಪಾಲು ಸಾಧಾರಣ ಚಳಿಯದ್ದೇ, ಏಕೆಂದರೆ ವರ್ಷದಲ್ಲಿ ಅಂಥ ದಿನಗಳೇ ಜಾಸ್ತಿ. ಆ ಪಟ್ಟಿಯಲ್ಲಿ ಭಾರತ ಇರಲಿಲ್ಲ. ಥಾಯ್ಲೆಂಡ್, ಬ್ರೆಜಿಲ್ ಇದ್ದವು. ಹಾಗಾಗಿ ಇದು ಹಿಮ ಬೀಳುವ ದೇಶಗಳ ಕಥೆ ಅಂತ ತಳ್ಳಿಹಾಕುವಂತಿಲ್ಲ.

ಮೈಯೊಳಗೆ ಏನಾಗುತ್ತದೆ? ಚಳಿ ತಾಗಿದಾಗ ಚರ್ಮದ ರಕ್ತನಾಳಗಳು ಬಿಗಿಯುತ್ತವೆ. ರಕ್ತ ಒಳಗಡೆ ಸೇರುತ್ತದೆ, ಬಿಪಿ ಏರುತ್ತದೆ. ರಕ್ತ ಜಾಸ್ತಿಯಾಗಿದೆ ಅನ್ನುವ ಲೆಕ್ಕದಲ್ಲಿ ಮೂತ್ರಪಿಂಡ ನೀರನ್ನು ಹೊರಹಾಕುತ್ತದೆ. ಚಳಿಯಲ್ಲಿ ಪದೇ ಪದೇ ಮೂತ್ರಕ್ಕೆ ಹೋಗುವುದು ಇದಕ್ಕೇ. ನೀರು ಹೋಯಿತು, ರಕ್ತಕಣಗಳು ಉಳಿದವು, ರಕ್ತ ಮಂದವಾಯಿತು. ಹೆಪ್ಪುಗಟ್ಟುವುದು ಸುಲಭವಾಯಿತು. ಮೊದಲೇ ಕಿರಿದಾದ ಹೃದಯದ ನಾಳಕ್ಕೆ ಇಷ್ಟು ಸಾಕು.

1984ರ ಒಂದು ಬ್ರಿಟಿಷ್ ಪ್ರಯೋಗವನ್ನು ನೆನಪಿಟ್ಟುಕೊಳ್ಳಿ. ಜನರನ್ನು 24 ಡಿಗ್ರಿಯ ಬೀಸುಗಾಳಿಯಲ್ಲಿ ಆರು ಗಂಟೆ ಇರಿಸಿದರು. ಒಳಮೈಯ ತಾಪ ಇಳಿದದ್ದು 0.4 ಡಿಗ್ರಿ ಮಾತ್ರ. ಆದರೂ ಸರಾಸರಿ ಬಿಪಿ 126/69ರಿಂದ 138/87ಕ್ಕೆ ಹೋಯಿತು, ರಕ್ತದ ಮಂದತೆ ಶೇ 21 ಏರಿತು. 24 ಡಿಗ್ರಿ ನೋಡಿ! ಜುಲೈಯಲ್ಲಿ ಮಡಿಕೇರಿಯ ಹಗಲೇ ಅದಕ್ಕಿಂತ ತಣ್ಣಗಿರುತ್ತದೆ. ಜೊತೆಗೆ ಗಾಳಿ, ಒದ್ದೆ ಬಟ್ಟೆ. ಅದಕ್ಕೇ ಕೊಡಗಿನ ಮಟ್ಟಿಗೆ ಚಳಿಗಾಲ ಅಂದರೆ ಡಿಸೆಂಬರ್, ಜನವರಿ ಅಂತಷ್ಟೇ ಗೆರೆ ಎಳೆಯಬೇಡಿ. ಮಳೆಗಾಲವನ್ನೂ ಸೇರಿಸಿ ನೋಡಿ.

ಚಳಿಗೆ ಒಂದು ಪೆಗ್ ಒಳ್ಳೆಯದು ಅನ್ನುವ ಮಾತು ನಮ್ಮಲ್ಲಿ ಇದೆ ಅಲ್ವಾ? ಮದ್ಯ ಚರ್ಮದ ನಾಳಗಳನ್ನು ಹಿಗ್ಗಿಸುತ್ತದೆ. ಬೆಚ್ಚಗೆ ಅನ್ನಿಸುತ್ತದೆ ಅಷ್ಟೇ, ಮೈಯ ಶಾಖ ಹೊರಗೆ ಹೋಗುತ್ತಿರುತ್ತದೆ.

ಸೆಕೆಯ ದಾರಿ ಬೇರೆ. ಮೈ ತಣಿಸಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಹೃದಯ ಜೋರಾಗಿ ದುಡಿಯಬೇಕಾಗುತ್ತದೆ. ಬೆವರಿನಲ್ಲಿ ನೀರು, ಉಪ್ಪು ಹೋಗುತ್ತವೆ. ಮೂತ್ರ ಹೆಚ್ಚಿಸುವ ಮಾತ್ರೆ ತಿನ್ನುವ ವಯಸ್ಸಾದವರಿಗೆ ಇದು ಬೇಗ ತಟ್ಟುತ್ತದೆ. ಒಗ್ಗಿಕೊಳ್ಳುವಿಕೆಯೂ ಮುಖ್ಯ. ಕಲಬುರಗಿಯವರಿಗೆ ಮಾಮೂಲಿ ಅನ್ನಿಸುವ ಬಿಸಿಲು ಮಡಿಕೇರಿಯವರಿಗೆ ತಡೆಯದು.

ಇನ್ನು ಪರೀಕ್ಷೆಯಲ್ಲಿ ತಪ್ಪದೆ ಬೇಕಾಗುವ ವಿಷಯ: ತಡವಾಗಿ ಕಾಣುವ ಪರಿಣಾಮ. ಸೆಕೆ ಅದೇ ದಿನ ಅಥವಾ ಎರಡು ಮೂರು ದಿನದಲ್ಲಿ ತೋರಿಬಿಡುತ್ತದೆ. ಚಳಿಯ ಪರಿಣಾಮ ಮೂರು ವಾರದವರೆಗೂ ಎಳೆಯುತ್ತದೆ. ಇವತ್ತಿನ ತಾಪಮಾನದ ಎದುರು ಇವತ್ತಿನ ಕರೆಗಳನ್ನು ಮಾತ್ರ ಇಟ್ಟು ನೋಡಿದರೆ ಚಳಿ ನಿರಪರಾಧಿಯಂತೆ ಕಾಣುತ್ತದೆ.

ಕರೆ ಅಂದರೆ ಕಾಯಿಲೆಯೂ ಅಲ್ಲ. ಕರ್ನಾಟಕದಲ್ಲಿ 108 ಆರೋಗ್ಯ ಕವಚ ಶುರುವಾದದ್ದು 2008ರಲ್ಲಿ. ಆದರೆ ತೋಟದ ಲೈನ್ ಮನೆಯಲ್ಲಿ (ಕಾರ್ಮಿಕರ ಸಾಲು ಮನೆಯಲ್ಲಿ) ಯಾರಿಗಾದರೂ ಎದೆನೋವು ಬಂದರೆ ಎಷ್ಟೋ ಸಲ ಮಾಲೀಕರ ಜೀಪೇ ಆಂಬುಲೆನ್ಸ್. ಆ ರೋಗಿ 108ರ ಲೆಕ್ಕಕ್ಕೆ ಬರುವುದೇ ಇಲ್ಲ. ಜೋರು ಮಳೆಯಲ್ಲಿ ನೆಟ್‌ವರ್ಕ್ ಹೋದರೆ ಕರೆ ಇನ್ನೂ ಕಡಿಮೆ. ಅಂದರೆ ಹೃದಯಕ್ಕೆ ಕಷ್ಟದ ದಿನಗಳಲ್ಲೇ ಅಂಕಿ ಇಳಿಯಬಹುದು! ಫೋನಿನಲ್ಲಿ ‘ಗ್ಯಾಸ್’ ಅಂದವರಿಗೆ ಆಸ್ಪತ್ರೆಯಲ್ಲಿ ಇಸಿಜಿ ತೆಗೆದಾಗ ಹೃದಯಾಘಾತ ಕಾಣುವುದೂ ಉಂಟು.

ಜನಸಂಖ್ಯೆಯೂ ಸ್ಥಿರವಲ್ಲ. ಕಾಫಿ ಕೊಯ್ಲಿಗೆ ಹೊರಗಿನ ಕಾರ್ಮಿಕರು ಬರುತ್ತಾರೆ. ಡಿಸೆಂಬರ್ ಕೊನೆಗೆ ಹೋಂಸ್ಟೇಗಳೆಲ್ಲ ಭರ್ತಿ. ಆಗ ಕರೆ ಏರಿದರೆ ಚಳಿ ಕಾರಣವೋ, ಜನ ಜಾಸ್ತಿಯಾದದ್ದು ಕಾರಣವೋ?

ಇದಕ್ಕೆ ಒಂದು ಉಪಾಯ ಇದೆ. ಕರೆ ಬಂದ ದಿನವನ್ನು ಅದೇ ತಿಂಗಳಲ್ಲಿ ಅದೇ ಹೆಸರಿನ ವಾರ ಬರುವ ಉಳಿದ ದಿನಗಳಿಗೆ ಹೋಲಿಸುವುದು. ಜನವರಿಯ ಒಂದು ಸೋಮವಾರಕ್ಕೆ ಜನವರಿಯ ಬೇರೆ ಸೋಮವಾರಗಳೇ ಜೋಡಿ. ರೋಗಿ ತನಗೆ ತಾನೇ ಹೋಲಿಕೆ ಆಗುವುದರಿಂದ ವಯಸ್ಸು, ಸಕ್ಕರೆ ಕಾಯಿಲೆ, ಬೀಡಿ ಚಟ ಇವೆಲ್ಲ ಲೆಕ್ಕ ಕೆಡಿಸುವುದಿಲ್ಲ. ಕೊಯ್ಲಿನ ಜನವೂ ತಿಂಗಳೊಳಗೆ ಹೆಚ್ಚುಕಡಿಮೆ ಒಂದೇ ಸಮ. ಪ್ರವಾಸಿಗರು ತುಂಬುವ ಡಿಸೆಂಬರಿನ ಕೊನೆಯ ವಾರ ಮಾತ್ರ ಈ ಉಪಾಯಕ್ಕೆ ಸಿಗುವುದಿಲ್ಲ. ನಾನಾದರೆ ಆ ವಾರವನ್ನು ಬಿಟ್ಟು ಒಮ್ಮೆ, ಸೇರಿಸಿ ಒಮ್ಮೆ ಲೆಕ್ಕ ಹಾಕಿ, ಎರಡು ಉತ್ತರಗಳನ್ನೂ ಬರೆಯುತ್ತೇನೆ.