ಹತ್ತು ವರ್ಷ ಹಚ್ಚಿದ ಡೈ ಹನ್ನೊಂದನೇ ವರ್ಷ ಕೈಕೊಟ್ಟರೆ

ಹೇರ್ ಡೈ ಹಚ್ಚಿ ಮುಖ ಊದಿಸಿಕೊಂಡು ಬರುವವರ ಮೊದಲ ಮಾತು ಹೆಚ್ಚುಕಡಿಮೆ ಒಂದೇ. ‘ಡಾಕ್ಟ್ರೇ, ಎಷ್ಟೋ ವರ್ಷದಿಂದ ಇದನ್ನೇ ಹಚ್ತಾ ಇದ್ದೇನೆ, ಏನೂ ಆಗಿರ್ಲಿಲ್ಲ.’ ಎರಡನೇ ಮಾತು: ‘ಇದ್ರಲ್ಲಿ ಅಮೋನಿಯಾ ಇಲ್ಲ.’ ಎರಡೂ ನಿಜವೇ ಇರಬಹುದು. ಆದರೆ ಅಲರ್ಜಿಗೆ ಈ ಎರಡೂ ಲೆಕ್ಕಕ್ಕಿಲ್ಲ.

ಅಮೋನಿಯಾ ಕೂದಲಿನ ಹೊರಪದರವನ್ನು ಸಡಿಲ ಮಾಡುತ್ತದೆ. ವಾಸನೆ ಜಾಸ್ತಿ, ಕಣ್ಣೂ ಉರಿಯುತ್ತದೆ. ಹಾಗಾಗಿ ಎಲ್ಲರ ಸಿಟ್ಟು ಅದರ ಮೇಲೆ. ಅಲರ್ಜಿ ತರುವುದು ಹೆಚ್ಚಾಗಿ ಪಿಪಿಡಿ, ಅಂದರೆ ಪ್ಯಾರಾ-ಫಿನಿಲೀನ್‌ಡಯಮೀನ್. ಇದರ ಕಣ ಬಹಳ ಚಿಕ್ಕದು. ಕೂದಲಿನೊಳಗೆ ನುಗ್ಗಿ, ಪೆರಾಕ್ಸೈಡ್ ಜತೆ ಸೇರಿದಾಗ ದೊಡ್ಡ ಕಪ್ಪು ಕಣವಾಗಿ ಅಲ್ಲೇ ಕೂತುಬಿಡುತ್ತದೆ. ಅದಕ್ಕೇ ಆ ಬಣ್ಣ ತೊಳೆದರೂ ಹೋಗುವುದಿಲ್ಲ. ಕೂದಲಿಗೆ ನುಗ್ಗುವಷ್ಟು ಚಿಕ್ಕದಾದದ್ದು ಚರ್ಮಕ್ಕೂ ನುಗ್ಗುತ್ತದೆ ಅಲ್ವಾ? ಎಷ್ಟೋ ಸಲ ದೇಹ ಸುಮ್ಮನಿರುತ್ತದೆ. ಒಂದು ದಿನ ಅದನ್ನು ಶತ್ರು ಎಂದು ಗುರುತಿಸುತ್ತದೆ. ಆಮೇಲೆ ಸಾಮಾನ್ಯವಾಗಿ ಜೀವನಪೂರ್ತಿ ಮರೆಯುವುದಿಲ್ಲ.

ತೊಂದರೆ ಕಾಣಿಸುವುದು ಹಚ್ಚಿದ ಕೂಡಲೇ ಅಲ್ಲ, ಒಂದೆರಡು ದಿನ ಬಿಟ್ಟು. ನೆತ್ತಿಯ ಚರ್ಮ ದಪ್ಪ, ಅಲ್ಲಿ ಬರೀ ತುರಿಕೆ ಇರಬಹುದು. ಕಿವಿ, ಕುತ್ತಿಗೆ, ಹಣೆಯ ಅಂಚು ಕೆಂಪಾಗುತ್ತವೆ, ಬೆಳಿಗ್ಗೆ ಏಳುವಾಗ ಕಣ್ಣಿನ ರೆಪ್ಪೆ ಮುಚ್ಚಿಹೋಗಿರುತ್ತದೆ. ಅಷ್ಟರಲ್ಲಿ ಡೈ ಹಚ್ಚಿದ್ದೇ ಮರೆತುಹೋಗಿರುತ್ತದೆ. ನಮ್ಮ ಮಂಗಳೂರಿನಲ್ಲಿ ತಪ್ಪು ಹೊರುವುದು ಹಿಂದಿನ ರಾತ್ರಿಯ ಸಿಗಡಿ ಸುಕ್ಕ! ಗಂಡಸರಲ್ಲಿ ಮೀಸೆಯ ಸುತ್ತ ನೀರೊಸರುತ್ತಿದ್ದರೆ ನಾನು ಮೊದಲು ಕೇಳುವುದೇ ಡೈ ವಿಷಯ.

‘ಹಾಗಾದ್ರೆ ಹರ್ಬಲ್ ಹಚ್ತೇನೆ’ ಎನ್ನುತ್ತಾರೆ. ಶುದ್ಧ ಮದರಂಗಿ ಕೊಡುವುದು ಕಿತ್ತಳೆ, ಹೆಚ್ಚೆಂದರೆ ಕಂದು. ಅದು ತಾನಾಗಿ ಕಪ್ಪಾಗುವುದಿಲ್ಲ. ನೀಲಿ ಗಿಡದ ಪುಡಿ ಸೇರಿಸಿ ಕಪ್ಪು ಮಾಡಬಹುದು, ಆದರೆ ಅದಕ್ಕೆ ಗಂಟೆಗಟ್ಟಲೆ ಕೂರಬೇಕು. ಅರ್ಧ ಗಂಟೆಯಲ್ಲಿ ಕಡುಕಪ್ಪು ಮಾಡುವ ‘ಕಪ್ಪು ಮೆಹಂದಿ’ ಪುಡಿಯಾದರೆ ಪ್ಯಾಕೆಟಿನ ಹಿಂದಿನ ಸಣ್ಣ ಅಕ್ಷರ ಓದಿ, ಅಲ್ಲಿ ಪಿಪಿಡಿ ಇರಬಹುದು. ಮದುವೆಮನೆಯ ಮೆಹಂದಿಗೆ ಮಕ್ಕಳ ಕೈಗೆ ಕಪ್ಪು ಕೋನ್ ಹಾಕಿಸುವುದು ನನಗೆ ಸುತಾರಾಂ ಇಷ್ಟವಿಲ್ಲ. ಅಲ್ಲಿ ಶುರುವಾದ ಅಲರ್ಜಿ ದೊಡ್ಡವರಾಗಿ ಡೈ ಹಚ್ಚಿದ ದಿನ ಹೊರಬೀಳುತ್ತದೆ.

ಮನೆಯಲ್ಲೇ ಪರೀಕ್ಷೆ ಮಾಡುವುದಾದರೆ ತಲೆಗೆ ಹೇಗೆ ಕಲಸುತ್ತೀರೋ ಹಾಗೇ ಚಿಟಿಕೆಯಷ್ಟು ಕಲಸಿ. ಎರಡು ಟ್ಯೂಬ್ ಇದ್ದರೆ ಎರಡನ್ನೂ ಸೇರಿಸಬೇಕು. ಕಿವಿಯ ಹಿಂದೆ ಅಥವಾ ಮುಂಗೈಯ ಒಳಭಾಗದಲ್ಲಿ ಬಟಾಣಿಗಿಂತ ಚಿಕ್ಕ ಚುಕ್ಕೆ ಹಚ್ಚಿ ಒಣಗಲು ಬಿಡಿ. ಮೇಲೆ ಬ್ಯಾಂಡೇಜ್ ಬೇಡ, ಅಲರ್ಜಿ ಇದ್ದರೆ ಸುಟ್ಟ ಹಾಗೆ ಗುಳ್ಳೆ ಏಳಬಹುದು. ನಮ್ಮ ದೇಶದ ನಿಯಮದಂತೆ ಇಂಥ ಡೈಗಳ ಜತೆ ಕೊಡುವ ಸೂಚನೆಯಲ್ಲಿರುವುದು 24 ಗಂಟೆಯ ಪರೀಕ್ಷೆ, ಅದೂ ಪ್ರತಿ ಸಲ. ನಾನು 48 ಗಂಟೆ ಕಾಯಿರಿ ಎನ್ನುತ್ತೇನೆ. ನಿಧಾನವಾಗಿ ಏಳುವ ಅಲರ್ಜಿಗೆ ಒಂದು ದಿನ ಸಾಲದು. ನಾಳೆ ಮದುವೆ ಎಂದು ಇವತ್ತು ಪ್ಯಾಕೆಟ್ ತಂದರೆ ಪರೀಕ್ಷೆ ಮಾಡುವುದು ಯಾವಾಗ? ವಾರ ಮೊದಲೇ ತನ್ನಿ. ಹಿಂದೆ ಒಮ್ಮೆ ಡೈಗೋ ಕಪ್ಪು ಮೆಹಂದಿಗೋ ಮೈ ಎದ್ದಿದ್ದರೆ ಈ ಮನೆಪರೀಕ್ಷೆಯೂ ಬೇಡ.

ಅಂಥವರಿಗೆ ನಾವು ಪ್ಯಾಚ್ ಟೆಸ್ಟ್ ಮಾಡುತ್ತೇವೆ. ಪೆಟ್ರೋಲಿಯಂ ಜೆಲ್ಲಿಯಲ್ಲಿ 1 ಶೇಕಡಾ ಪಿಪಿಡಿ ಬೆರೆಸಿದ ಮುಲಾಮನ್ನು ಅಂಗಿ ಗುಂಡಿಗಿಂತ ಚಿಕ್ಕ ಅಲ್ಯೂಮಿನಿಯಂ ಬಟ್ಟಲಿಗೆ ಹಾಕಿ ಬೆನ್ನಿಗೆ ಅಂಟಿಸುವುದು. ಎರಡು ದಿನ ಬೆನ್ನಿಗೆ ನೀರು ತಾಗಬಾರದು. ದಿನಕ್ಕೆ ಎರಡು ಸಲ ಸ್ನಾನ ಮಾಡುವ ನಮ್ಮೂರಿನವರಿಗೆ ಇದೇ ದೊಡ್ಡ ಶಿಕ್ಷೆ. ಏಪ್ರಿಲ್, ಮೇ ಸೆಖೆಯಲ್ಲಂತೂ ಬೆವರಿಗೆ ಟೇಪೇ ಕಿತ್ತು ಬರುತ್ತದೆ. ಅರ್ಜೆಂಟ್ ಇಲ್ಲದಿದ್ದರೆ ಡಿಸೆಂಬರ್, ಜನವರಿಗೆ ಬನ್ನಿ ಎನ್ನುತ್ತೇನೆ. 48 ಗಂಟೆಗೆ ತೆಗೆದು ಒಮ್ಮೆ ನೋಡುತ್ತೇವೆ, 72 ಅಥವಾ 96 ಗಂಟೆಗೆ ಇನ್ನೊಮ್ಮೆ. ಬರೀ ಕೆಂಪಾದರೆ ಸಾಲದು. ಬೆರಳಾಡಿಸಿದಾಗ ಗಟ್ಟಿ ಸಿಗಬೇಕು, ಸಣ್ಣ ಗುಳ್ಳೆಗಳೂ ಇರಬಹುದು. ಸುಮ್ನೆ ಉರಿಯಿಂದ ಕೆಂಪಾದದ್ದು ಎರಡನೇ ಸಲ ನೋಡುವಾಗ ಮಾಸಿರುತ್ತದೆ, ಅಲರ್ಜಿಯಾದರೆ ಇನ್ನೂ ಎದ್ದು ಕಾಣುತ್ತದೆ.

ಕಂಪನಿಯವರು ಪರೀಕ್ಷೆ ಮಾಡಿರುವುದಿಲ್ಲವೇ ಎಂದರೆ, ಮಾಡಿರುತ್ತಾರೆ. 2014ರಿಂದ ನಮ್ಮಲ್ಲಿ ಪ್ರಾಣಿಗಳ ಮೇಲೆ ಸೌಂದರ್ಯವರ್ಧಕಗಳ ಪರೀಕ್ಷೆಗೆ ನಿಷೇಧವಿದೆ. ಈಗ ರಾಸಾಯನಿಕವು ಪ್ರೋಟೀನಿನ ತುಣುಕಿಗೆ ಅಂಟುತ್ತದೆಯೇ, ಚರ್ಮದ ಜೀವಕೋಶಗಳನ್ನು ಕೆರಳಿಸುತ್ತದೆಯೇ ಎಂದು ಲ್ಯಾಬಿನಲ್ಲಿ ನೋಡುವ ವಿಧಾನಗಳಿವೆ. ಅವು ಹೇಳುವುದು ಆ ವಸ್ತುವಿನ ಗುಣ. ನಿಮ್ಮ ಮೈಯ ಗುಣವನ್ನು ಯಾವ ಲ್ಯಾಬೂ ಮೊದಲೇ ಹೇಳಲಾರದು.

ಇನ್ನು ಕೂದಲು ನೇರ ಮಾಡುವ ಕಿಟ್. ಕಡಲ ಕರೆಯ ಈ ತೇವಕ್ಕೆ ಯಾರ ಕೂದಲೂ ಹೇಳಿದ ಮಾತು ಕೇಳುವುದಿಲ್ಲ, ಆಸೆ ಸಹಜ. ಆದರೆ ಇಲ್ಲಿ ಕಿವಿಯ ಹಿಂದಿನ ಚುಕ್ಕೆ ಪ್ರಯೋಜನಕ್ಕೆ ಬರುವುದಿಲ್ಲ, ಭಯ ಇರುವುದು ಹೊಗೆಯದ್ದು. ಕೆಲವು ಕಿಟ್‌ಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ, ಇಲ್ಲವೇ ಬಿಸಿ ಇಸ್ತ್ರಿ ಎಳೆದಾಗ ಹೊರಬರುತ್ತದೆ. ಲೇಬಲ್‌ನಲ್ಲಿ ಮೀಥಲೀನ್ ಗ್ಲೈಕಾಲ್ ಎಂದಿದ್ದರೂ ಅದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಬಂಗುಡೆಗೆ ಫಾರ್ಮಲಿನ್ (ನೀರಿನಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡ್) ಹಾಕಿದ್ದಾರೆ ಎಂಬ ಸುದ್ದಿ ಬಂದರೆ ವಾರಗಟ್ಟಲೆ ಮೀನು ಬಿಡುವ ನಾವು, ಬಾಗಿಲು ಹಾಕಿದ ಕೋಣೆಯಲ್ಲಿ ಕೂತು ಅದೇ ಹೊಗೆ ಕುಡಿಯುತ್ತೇವೆ. ‘ಫಾರ್ಮಾಲ್ಡಿಹೈಡ್ ಇಲ್ಲ’ ಎಂಬ ಕಿಟ್‌ಗಳಲ್ಲಿ ಬರುವ ಗ್ಲೈಆಕ್ಸಿಲಿಕ್ ಆಮ್ಲವೂ ಸಾಧು ಅಲ್ಲ. ಅದಿದ್ದ ಕ್ರೀಮ್ ಹಚ್ಚಿ ಕೂದಲು ನೇರ ಮಾಡಿಸಿದಾಗಲೆಲ್ಲ ಕಿಡ್ನಿಗೆ ಏಟು ಬಿದ್ದ 26 ವರ್ಷದ ಮಹಿಳೆಯೊಬ್ಬರ ವರದಿಯನ್ನು ಫ್ರಾನ್ಸಿನ ವೈದ್ಯರು 2024ರಲ್ಲಿ ಪ್ರಕಟಿಸಿದ್ದಾರೆ. ಮೂರು ಸಲ ಮಾಡಿಸಿದ್ದರು, ಮೂರು ಸಲವೂ ಆಗಿತ್ತು. ಮನೆಯಲ್ಲಿ ಈ ಕಿಟ್ ಬೇಡವೆಂಬುದೇ ನನ್ನ ಮಾತು.

ಡೈ ಹಚ್ಚಿದ ಮೇಲೆ ತುರಿಕೆ ಶುರುವಾದರೆ ಧಾರಾಳ ನೀರಿನಲ್ಲಿ ತೊಳೆಯಿರಿ. ಲಿಂಬೆರಸ, ಅರಶಿನ ಹಚ್ಚಬೇಡಿ. ಉಸಿರು ಕಟ್ಟಿದರೆ, ನಾಲಗೆ ಊದಿದರೆ ಕ್ಲಿನಿಕ್ ತೆರೆಯುವ ತನಕ ಕಾಯದೆ ಆಸ್ಪತ್ರೆಗೆ ಹೋಗಿ. ಬರುವಾಗ ಡೈಯ ಖಾಲಿ ಪ್ಯಾಕೆಟ್ ತನ್ನಿ. ಎಷ್ಟೋ ಮನೆಯಲ್ಲಿ ಅದು ಅಷ್ಟರಲ್ಲೇ ಬಚ್ಚಲೊಲೆಗೆ ಹೋಗಿರುತ್ತದೆ. ಅದರ ಮೇಲಿನ ಹೆಸರುಗಳು ಸಿಕ್ಕರೆ ಯಾವುದನ್ನು ಬೆನ್ನಿಗೆ ಅಂಟಿಸಿ ನೋಡಬೇಕೆಂದು ನಮಗೆ ತಿಳಿಯುತ್ತದೆ.